ಮೇ 28ಕ್ಕೆ ವಂಡರ್‌ಲಾ, 29ಕ್ಕೆ ಶಾಲೆ: ಹೋಗಬಹುದಾ?

ಪ್ರಶ್ನೆ: ನಾವು ಶ್ರೀನಿವಾಸಪುರದವರು. ಮಗಳಿಗೆ 13 ವರ್ಷ, ಮಗನಿಗೆ 7. ರಜೆ ಶುರುವಾದಾಗಿನಿಂದ ಇಬ್ಬರೂ ವಂಡರ್‌ಲಾ ವಂಡರ್‌ಲಾ ಅಂತಿದ್ದಾರೆ. ನಮ್ಮ ಮನೆಯವರಿಗೆ ಮಾವಿನ ಮಂಡಿಯಲ್ಲಿ ಕೆಲಸ. ಅವರಿಗೆ ಬಿಡುವಿರೋದು ಮೇ 28ರಂದು ಮಾತ್ರ. ಆಮೇಲೆ ಸೀಸನ್ ಜೋರು, ಜುಲೈ ತನಕ ಮಕ್ಕಳ ಮುಖ ನೋಡೋಕೂ ಆಗಲ್ಲ. ಆದರೆ 29ಕ್ಕೆ ಶಾಲೆ ತೆರೆಯುತ್ತದೆ. ಮಗಳು ಎಂಟನೇ ಕ್ಲಾಸಿಗೆ ಹೊಸ ಹೈಸ್ಕೂಲಿಗೆ ಸೇರುತ್ತಿದ್ದಾಳೆ, ಈಚೆಗೆ ರಾತ್ರಿ ಹೊತ್ತು ಮಂಕಾಗಿರುತ್ತಾಳೆ. ಮಗನಿಗೆ ಗಾಡಿ ಹತ್ತಿದರೆ ವಾಂತಿ. 66 ವರ್ಷದ ಅತ್ತೆಯವರೂ ಬರುತ್ತೇನೆ ಅನ್ನುತ್ತಿದ್ದಾರೆ. ಬಾಡಿಗೆ ಕಾರು ಮಾಡೋಣ ಅಂತ ಇದ್ದೇವೆ. ನಮ್ಮ ಅಕ್ಕ ಮಾತ್ರ, ‘ಕೊನೇ ದಿನ ಮಕ್ಕಳು ಮನೇಲಿರಬೇಕು, ಇಲ್ಲಾಂದ್ರೆ ಮಾರನೇ ದಿನ ಶಾಲೆಗೆ ಹೋಗಲ್ಲ’ ಅಂತಾಳೆ. ಏನು ಮಾಡಲಿ?

ಉತ್ತರ: ಹೋಗಿ ಬನ್ನಿ. ಶಾಲಾ ಮಕ್ಕಳ ಆಪ್ತಸಮಾಲೋಚಕಿಯಾಗಿ ಈ ಮಾತನ್ನು ಯೋಚಿಸಿಯೇ ಹೇಳುತ್ತಿದ್ದೇನೆ. ಅಪ್ಪನ ಜತೆ ಒಂದು ಇಡೀ ದಿನ ಸಿಗುತ್ತಿದೆ, ಅದಾದ ಮೇಲೆ ಎರಡು ತಿಂಗಳು ಸಿಗುವುದಿಲ್ಲ. ಅಂಥ ದಿನವನ್ನು ಬಿಡಬೇಡಿ. ಆದರೆ ಒಂದು ಷರತ್ತಿದೆ. ದಿನದ ಲೆಕ್ಕವನ್ನು ಬೆಳಗ್ಗೆಯಿಂದ ಹಾಕಬೇಡಿ, ರಾತ್ರಿಯಿಂದ ಹಿಂದಕ್ಕೆ ಹಾಕಿ. ರಾತ್ರಿ 9ಕ್ಕೆ ಮಕ್ಕಳು ಹಾಸಿಗೆಯಲ್ಲಿರಬೇಕು. ಹಾಗಾದರೆ 8ಕ್ಕೆ ಮನೆ ಸೇರಬೇಕು. ಹಾಗಾದರೆ ಮಧ್ಯಾಹ್ನ ಮೂರೂವರೆಗೆ ಪಾರ್ಕಿನ ಗೇಟು ದಾಟಿ ಹೊರಗೆ ಬಂದಿರಬೇಕು. ನಾನು ಮುಂದೆ ಹೇಳುವುದೆಲ್ಲ ಈ ಮೂರೂವರೆಯ ಸುತ್ತಲೇ ಇದೆ.

ಮೂರೂವರೆ ಅಂದರೆ ನಿಮ್ಮ ಮನೆಯವರು ಒಪ್ಪಲಿಕ್ಕಿಲ್ಲ. ಅಷ್ಟು ದುಡ್ಡು ಕೊಟ್ಟು, ಅಷ್ಟು ದೂರ ಹೋಗಿ, ಪಾರ್ಕ್ ಮುಚ್ಚುವ ತನಕ ಇರದೆ ಬರೋದಾ ಅಂತ ಅನ್ನಿಸುವುದು ಸಹಜ. ಅದಕ್ಕೇ ಕಾರಣ ಹೇಳುತ್ತೇನೆ.

1993ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಜತೆಗಾರರು ಒಂದು ಪ್ರಯೋಗ ಮಾಡಿದರು. ಮುಂದೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮನಶ್ಶಾಸ್ತ್ರಜ್ಞ ಇವರೇ. ಪ್ರಯೋಗಕ್ಕೆ ಬಂದವರು ಒಂದು ಸಲ 14 ಡಿಗ್ರಿಯ ತಣ್ಣೀರಿನಲ್ಲಿ 60 ಸೆಕೆಂಡು ಕೈ ಇಟ್ಟುಕೊಂಡರು. ಇನ್ನೊಂದು ಸಲ ಅದೇ ನೀರಿನಲ್ಲಿ 60 ಸೆಕೆಂಡು, ಅದರ ಮೇಲೆ ಇನ್ನೂ 30 ಸೆಕೆಂಡು. ಆ 30 ಸೆಕೆಂಡಿನಲ್ಲಿ ನೀರನ್ನು 15 ಡಿಗ್ರಿಗೆ ಏರಿಸಿದ್ದರು. ಯಾವುದನ್ನು ಮತ್ತೆ ಮಾಡುತ್ತೀರಿ ಅಂತ ಕೇಳಿದರೆ, ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು. ಕಷ್ಟ ಜಾಸ್ತಿ ಹೊತ್ತಿನದು, ಆದರೂ ಅದೇ ಬೇಕು ಅಂದರು. ಯಾಕೆಂದರೆ ಅದು ಕೊಂಚ ಹಿತವಾಗಿ ಮುಗಿದಿತ್ತು. ಎಷ್ಟು ಹೊತ್ತು ನಡೆಯಿತು ಅನ್ನುವುದು ನೆನಪಿಗೆ ಅಷ್ಟು ಮುಖ್ಯವಲ್ಲ. ಅತಿ ಜೋರಾಗಿದ್ದ ಗಳಿಗೆ ಯಾವುದು, ಕೊನೆ ಹೇಗಿತ್ತು ಅನ್ನುವ ಎರಡೇ ಜಾಸ್ತಿ ಉಳಿಯುತ್ತವೆ.

ಮಕ್ಕಳಲ್ಲೂ ಹೀಗೇನಾ? 2008ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ ನನಗೆ ತುಂಬ ಇಷ್ಟ. ಕೆಲವು ಮಕ್ಕಳಿಗೆ ಒಂದು ದೊಡ್ಡ ಚಾಕೊಲೇಟ್ ಕೊಟ್ಟರು. ಕೆಲವರಿಗೆ ಅದೇ ದೊಡ್ಡ ಚಾಕೊಲೇಟ್ ಕೊಟ್ಟು, ಆಮೇಲೆ ಒಂದು ಚೂಯಿಂಗ್ ಗಮ್ಮನ್ನೂ ಕೊಟ್ಟರು. ಬರೀ ಚಾಕೊಲೇಟ್ ಸಿಕ್ಕಿದವರೇ ಹೆಚ್ಚು ಖುಷಿಯಾಗಿದ್ದರು. ಕೊನೆಗೆ ಬಂದ ಸಣ್ಣದು ಮೊದಲಿನ ದೊಡ್ಡದರ ಖುಷಿಯನ್ನು ಇಳಿಸಿಬಿಟ್ಟಿತ್ತು.

ಈಗ ನಿಮ್ಮ 28ನೇ ತಾರೀಖನ್ನು ನೋಡಿ. ಪಾರ್ಕ್ ಮುಚ್ಚುವವರೆಗೆ ಇದ್ದರೆ ಆ ದಿನ ಮುಗಿಯುವುದು ಎಲ್ಲಿ? ಪಾರ್ಕಿನಲ್ಲಿ ಅಲ್ಲ. ಮೈಸೂರು ರಸ್ತೆಯ ಸಂಜೆಯ ಟ್ರಾಫಿಕ್ಕಿನಲ್ಲಿ, ಕೆ.ಆರ್. ಪುರದ ಸೇತುವೆ ಹತ್ತಿರ, ಒದ್ದೆ ಬಟ್ಟೆಯ ಚೀಲ ಕಾಲಡಿ ಇಟ್ಟುಕೊಂಡು, ಹಸಿದ ಮಗ ವಾಂತಿ ಮಾಡಿಕೊಂಡು, ‘ಇನ್ನೆಷ್ಟು ದೂರ’ ಅಂತ ಅಳುವ ಜಾಗದಲ್ಲಿ. ದೊಡ್ಡವರಿಗೂ ಆ ಹೊತ್ತಿಗೆ ತಾಳ್ಮೆ ಮುಗಿದಿರುತ್ತದೆ, ಯಾರಾದರೊಬ್ಬರು ಗದರುತ್ತಾರೆ. ಮನೆ ಸೇರುವಾಗ ಹನ್ನೊಂದು. ಇಡೀ ರಜೆಯ ಕೊನೆ ಅದಾಗಿಬಿಡುತ್ತದೆ. ಕೊನೆಯ ಎರಡು ಗಂಟೆಯಲ್ಲಿ ಸಿಗುವ ನಾಲ್ಕೈದು ರೈಡಿಗಾಗಿ ಇಷ್ಟು ಬೆಲೆ ಕೊಡಬಾರದು. ವಾಪಸ್ ಬರುವಾಗ ‘ಹೇಗೂ ಬೆಂಗಳೂರಿಗೆ ಬಂದಿದ್ದೀವಲ್ಲ, ಮಾಲ್ ನೋಡಿಕೊಂಡು ಹೋಗೋಣ, ಶಾಲೆ ಶೂ ತಗೊಂಡು ಹೋಗೋಣ’ ಅನ್ನುವುದೂ ಬೇಡ. ಅದೇ ಚೂಯಿಂಗ್ ಗಮ್.

ದಾರಿಯ ಮಾತಿಗೆ ಬರೋಣ. ಶ್ರೀನಿವಾಸಪುರದಿಂದ ಕೋಲಾರಕ್ಕೆ ಸುಮಾರು 25 ಕಿಲೋಮೀಟರು, ಕೋಲಾರದಿಂದ ಬೆಂಗಳೂರಿಗೆ 70ರ ಹತ್ತಿರ, ಅಲ್ಲಿಂದ ಬಿಡದಿ ಕಡೆಗೆ ಇನ್ನೊಂದು 28. ಒಂದು ಕಡೆಗೇ 120 ಕಿಲೋಮೀಟರು. ಊರಿಂದ ಬರುವವರಿಗೆ ಕಷ್ಟವಾಗುವುದು ಮಧ್ಯದ ಬೆಂಗಳೂರು. ನಾವು ಪೂರ್ವದಿಂದ ಬರುತ್ತೇವೆ, ಪಾರ್ಕ್ ಇರುವುದು ಪಶ್ಚಿಮಕ್ಕೆ. ಇಡೀ ಊರನ್ನು ಸೀಳಿಕೊಂಡು ಹೋಗಬೇಕು. ಹಾಗಾಗಿ ನನ್ನ ಸಲಹೆ ಇದು. ಬಾಡಿಗೆ ಕಾರನ್ನು ಕೆ.ಆರ್. ಪುರದವರೆಗೆ ಮಾತ್ರ ಮಾಡಿ. ಅಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿ. 2023ರ ಅಕ್ಟೋಬರ್‌ನಿಂದ ಈ ಮಾರ್ಗ ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ ಒಂದೇ ಸಮನೆ ಓಡುತ್ತದೆ, ಎಲ್ಲೂ ರೈಲು ಬದಲಿಸಬೇಕಿಲ್ಲ. ಕೆಂಗೇರಿ ಬಸ್ ಟರ್ಮಿನಲ್ ನಿಲ್ದಾಣದಲ್ಲಿ ಇಳಿದರೆ ಬಿಡದಿ ಕಡೆಯ ಬಸ್ಸೋ ಟ್ಯಾಕ್ಸಿಯೋ ಸಿಗುತ್ತದೆ. ಬರುವಾಗ ಲಾಭ ಜಾಸ್ತಿ. ಕೆಂಗೇರಿ ಆ ಮಾರ್ಗದ ಕೊನೆಯ ಭಾಗದಲ್ಲಿದೆ. ನಾಲ್ಕೂಕಾಲು ಗಂಟೆಗೆ ಹತ್ತಿದರೆ ಕೂರಲು ಜಾಗ ಸಿಗುತ್ತದೆ, ಮೆಜೆಸ್ಟಿಕ್ಕಿನ ಸಂಜೆಯ ನೂಕುನುಗ್ಗಲು ಶುರುವಾಗುವ ಮೊದಲೇ ಅದನ್ನು ದಾಟಿರುತ್ತೀರಿ. ಅತ್ತೆಯವರಿಗೆ ಲಿಫ್ಟ್ ಇದೆ. ಎಲ್ಲಕ್ಕಿಂತ ಹೆಚ್ಚಾಗಿ, ಎಷ್ಟು ಹೊತ್ತಿಗೆ ಕೆ.ಆರ್. ಪುರ ಸೇರುತ್ತೀರಿ ಅಂತ ಮೊದಲೇ ಹೇಳಬಹುದು. ಕಾರಿನಲ್ಲಿ ಆ ಭರವಸೆ ಇಲ್ಲ.

ಮಗನ ವಾಂತಿಗೂ ಇದು ಒಳ್ಳೆಯದು. ಕಿವಿಯ ಒಳಗೆ ಅರ್ಧ ಚಂದ್ರಾಕಾರದ ಮೂರು ಸಣ್ಣ ಕೊಳವೆಗಳಿವೆ, ಅದರಲ್ಲಿ ದ್ರವ ಇದೆ. ದೇಹ ತಿರುಗಿದಾಗ ಆ ದ್ರವ ಅಲುಗಾಡಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಕಾರಿನ ಹಿಂದಿನ ಸೀಟಿನಲ್ಲಿ ಕೂತು ಮೊಬೈಲ್ ನೋಡುವ ಮಗುವಿಗೆ ಕಣ್ಣು ‘ನಾನು ಕೂತಿದ್ದೇನೆ’ ಅನ್ನುತ್ತದೆ, ಕಿವಿ ‘ನಾನು ಹೋಗುತ್ತಿದ್ದೇನೆ’ ಅನ್ನುತ್ತದೆ. ಈ ಜಗಳದಿಂದಲೇ ಹೊಟ್ಟೆ ತೊಳಸುವುದು. ಎರಡು ವರ್ಷದಿಂದ ಹನ್ನೆರಡರ ತನಕ ಇದು ಜಾಸ್ತಿ, ದೊಡ್ಡವನಾದ ಹಾಗೆ ಕಡಿಮೆಯಾಗುತ್ತದೆ. ಕಾರಿನಲ್ಲಿ ಮುಂದಿನ ರಸ್ತೆ ಕಾಣುವ ಹಾಗೆ ಕೂರಿಸಿ. ಮೊಬೈಲ್ ಕೊಡಬೇಡಿ. ಹೊರಡುವ ಒಂದು ಗಂಟೆ ಮೊದಲು ಎರಡು ಇಡ್ಲಿ ಸಾಕು. ಬರೀ ಹೊಟ್ಟೆಯೂ ಬೇಡ, ಎಣ್ಣೆ ಪದಾರ್ಥವೂ ಬೇಡ. ಮಾತ್ರೆ ಕೊಡಬೇಕು ಅನ್ನಿಸಿದರೆ ಮಕ್ಕಳ ಡಾಕ್ಟರನ್ನು ಕೇಳಿ ಕೊಡಿ, ಕೆಲವು ಮಾತ್ರೆಗಳಿಗೆ ವಿಪರೀತ ನಿದ್ದೆ ಬರುತ್ತದೆ.

ಅದೇ ಕಿವಿಯ ದ್ರವ ಪಾರ್ಕಿನಲ್ಲೂ ಕೆಲಸ ಮಾಡುತ್ತದೆ. ಗಿರಗಿರ ತಿರುಗುವ ರೈಡ್ ನಿಂತ ಮೇಲೂ ಅದು ಸ್ವಲ್ಪ ಹೊತ್ತು ಸುತ್ತುತ್ತಲೇ ಇರುತ್ತದೆ. ತಲೆ ಸುತ್ತು ಪೂರ್ತಿ ನಿಂತ ಮೇಲೆ ಮುಂದಿನದಕ್ಕೆ ಹೋಗಲಿ. ತಿರುಗುವ ಎರಡು ರೈಡ್ ಒಂದರ ಹಿಂದೆ ಒಂದು ಬೇಡ. ಊಟವಾದ ತಕ್ಷಣವಂತೂ ಬೇಡವೇ ಬೇಡ.

ವಂಡರ್‌ಲಾ 2005ರಲ್ಲಿ ಶುರುವಾದದ್ದು. ನಿಮ್ಮಲ್ಲೇ ಯಾರಾದರೂ ಕಾಲೇಜು ದಿನಗಳಲ್ಲಿ ಹೋಗಿರಲೂಬಹುದು. ಎಂಬತ್ತು ಎಕರೆ ದಾಟಿದ ಜಾಗ, ಅರವತ್ತರ ಆಸುಪಾಸು ರೈಡುಗಳು. ಎಲ್ಲವನ್ನೂ ಮುಗಿಸುತ್ತೇವೆ ಅಂತ ಹೊರಡಬೇಡಿ. ಹೋಗುವ ಮೊದಲು ಮನೆಯಲ್ಲೇ ಒಂದು ಕೆಲಸ ಮಾಡಿ. ಮಗನನ್ನು ಬಾಗಿಲ ಪಕ್ಕ ನಿಲ್ಲಿಸಿ ಟೇಪಿನಲ್ಲಿ ಅಳೆಯಿರಿ. ದೊಡ್ಡ ರೈಡುಗಳಿಗೆಲ್ಲ ಎತ್ತರದ ಮಿತಿ ಇರುತ್ತದೆ. ಸೀಟಿನ ಸರಳು ಮೈಗೆ ಸರಿಯಾಗಿ ಹಿಡಿಯದಿದ್ದರೆ ಮಗು ಜಾರಬಹುದು, ಅದಕ್ಕೇ ಆ ನಿಯಮ. ಅಲ್ಲಿ ಯಾರನ್ನು ಬೇಡಿಕೊಂಡರೂ ಬಿಡುವುದಿಲ್ಲ, ಬಿಡಲೂಬಾರದು. ಏಳು ವರ್ಷದವನಿಗೆ ಅಕ್ಕ ಹತ್ತುವ ಅರ್ಧದಷ್ಟು ರೈಡ್ ಸಿಗಲಿಕ್ಕಿಲ್ಲ. ಇದನ್ನು ಕ್ಯೂ ನಿಂತು, ಗೇಟಿನ ಹತ್ತಿರ ಹೋದ ಮೇಲೆ ತಿಳಿದರೆ ಅಳು ನಿಲ್ಲಿಸುವುದು ಕಷ್ಟ. ಮೂರು ದಿನ ಮೊದಲೇ ತಿಳಿದಿದ್ದರೆ ಅವನೇ ತನ್ನ ಪಟ್ಟಿ ಮಾಡಿಕೊಳ್ಳುತ್ತಾನೆ. ಪಾರ್ಕಿನ ವೆಬ್‌ಸೈಟಿನಲ್ಲಿ ಪ್ರತಿ ರೈಡಿನ ವಿವರ ಇದೆ, ಇಬ್ಬರನ್ನೂ ಕೂರಿಸಿಕೊಂಡು ನೋಡಿ. ಒಬ್ಬೊಬ್ಬರು ‘ಇದು ಬಿಟ್ಟರೆ ಆಗಲ್ಲ’ ಅನ್ನುವ ಎರಡನ್ನು ಆರಿಸಲಿ. ಟಿಕೆಟ್ಟನ್ನೂ ಅಲ್ಲೇ ಮೊದಲೇ ತೆಗೆದುಕೊಳ್ಳಿ. ಮಕ್ಕಳ ಟಿಕೆಟ್ಟಿಗೆ ನೋಡುವುದು ವಯಸ್ಸನ್ನಲ್ಲ, ಎತ್ತರವನ್ನು.

ಹೀಗೆ ಮೊದಲೇ ಕೂತು ಮಾತಾಡುವುದಕ್ಕೆ ಇನ್ನೊಂದು ಕಾರಣವೂ ಇದೆ. 2010ರಲ್ಲಿ ನೆದರ್ಲೆಂಡ್ಸ್‌ನಲ್ಲಿ 1,530 ಜನರ ಮೇಲೆ ನಡೆದ ಒಂದು ಅಧ್ಯಯನದಲ್ಲಿ, ಪ್ರವಾಸಕ್ಕೆ ಹೋಗುವವರು ಹೋಗದವರಿಗಿಂತ ಹೆಚ್ಚು ಖುಷಿಯಾಗಿದ್ದದ್ದು ಹೊರಡುವ ಮುಂಚೆ. ಬಂದ ಮೇಲೆ ಹೆಚ್ಚಿನವರಲ್ಲಿ ಅಂಥ ವ್ಯತ್ಯಾಸ ಉಳಿದಿರಲಿಲ್ಲ. ಕಾಯುವುದೂ ಪ್ರವಾಸದ ಭಾಗವೇ, ಅದಕ್ಕೆ ಟಿಕೆಟ್ಟೂ ಬೇಕಿಲ್ಲ. ಅಚ್ಚರಿ ಕೊಡೋಣ ಅಂತ 27ರ ರಾತ್ರಿ ತನಕ ಮುಚ್ಚಿಡಬೇಡಿ. ಒಂದು ವಾರ ಮೊದಲೇ ಹೇಳಿ.

ಪಾರ್ಕ್ ತೆರೆಯುವುದು ಬೆಳಗ್ಗೆ 11ರ ಹೊತ್ತಿಗೆ. ಬೆಳಗ್ಗೆ ಆರಕ್ಕೇ ಹೊರಟರೆ ಬಾಗಿಲು ತೆಗೆಯುವಾಗ ನೀವು ಅಲ್ಲಿರುತ್ತೀರಿ. ಹೊರಗಿನ ಊಟ ಒಳಗೆ ಬಿಡುವುದಿಲ್ಲ, ಕಟ್ಟಿಕೊಂಡು ಹೋದ ಚಿತ್ರಾನ್ನವನ್ನು ಗೇಟಿನ ಮುಂಚೆಯೇ ಮುಗಿಸಿ. ಮೊದಲು ಎತ್ತರದ, ಬಯಲಿನ ರೈಡುಗಳಿಗೆ ಹೋಗಿ. ಮೇ ಕೊನೆಯಲ್ಲಿ ನಮ್ಮ ಕಡೆ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದು ಮಾಮೂಲು, ಮಿಂಚಿದರೆ ಅವನ್ನು ನಿಲ್ಲಿಸುತ್ತಾರೆ. ಒಂದು ಗಂಟೆಗೆ ಹಗುರವಾಗಿ ಊಟ. ಆಮೇಲೆ ನೀರು. ಮೂರಕ್ಕೆ ನೀರಿನಿಂದ ಎದ್ದು ಬಟ್ಟೆ ಬದಲಿಸಲು ಶುರು ಮಾಡಿದರೆ ಮೂರೂವರೆಗೆ ಗೇಟು. ಕೊನೆಯದು ಯಾವುದಾಗಿರಬೇಕು ಅನ್ನುವುದನ್ನು ಮಾತ್ರ ಹೊರಡುವ ಮುಂಚೆಯೇ ತೀರ್ಮಾನಿಸಿ. ಮಗಳ ಜೋರಾದ ರೋಲರ್ ಕೋಸ್ಟರ್ ಬೆಳಗ್ಗೆಯೇ ಆಗಿಬಿಡಲಿ. ಕೊನೆಯದು ಅಲೆಗಳ ಕೊಳದಲ್ಲಿ, ಎಲ್ಲರೂ ಒಟ್ಟಿಗೆ. ‘ಇನ್ನೊಂದೇ ಅಲೆ’ ಅಂತ ಹೇಳಿ ಏಳಿ. ‘ಬಾ ಬಾ, ಹೊತ್ತಾಯ್ತು’ ಅಂತ ಎಳೆದುಕೊಂಡು ಬರಬೇಡಿ. ಹತ್ತು ನಿಮಿಷ ಮುಂಚೆ ಒಂದು ಸಲ, ಐದು ನಿಮಿಷ ಮುಂಚೆ ಒಂದು ಸಲ ಎಚ್ಚರಿಸಿದರೆ ಏಳು ವರ್ಷದವನೂ ಒಪ್ಪಿಕೊಳ್ಳುತ್ತಾನೆ.

ಮಗ ಯಾವುದಾದರೂ ರೈಡ್ ನೋಡಿ ಹೆದರಿದರೆ ‘ಹುಡುಗ ಆಗಿ ಹೆದರ್ತೀಯಾ’ ಅಂತ ಯಾರೂ ಅನ್ನಬಾರದು. ಇದನ್ನು ನಿಮ್ಮ ಮನೆಯವರಿಗೂ ಮೊದಲೇ ಹೇಳಿ. ಬೇಡ ಅನ್ನುವ ಹಕ್ಕಿದೆ ಅಂತ ಗೊತ್ತಿರುವ ಮಗು ಅರ್ಧ ಗಂಟೆ ಬಿಟ್ಟು ತಾನೇ ಬಂದು ‘ಹೋಗೋಣ’ ಅನ್ನುತ್ತದೆ. ಬಲವಂತಕ್ಕೆ ಹತ್ತಿದ ಮಗು ಮುಂದಿನ ಮೂರು ವರ್ಷ ಆ ಕಡೆ ನೋಡುವುದಿಲ್ಲ.

ಅತ್ತೆಯವರ ವಿಷಯ. ಕರೆದುಕೊಂಡು ಹೋಗಿ, ಆದರೆ ಏನಿದೆ ಏನಿಲ್ಲ ಅನ್ನುವುದನ್ನು ಮುಚ್ಚುಮರೆ ಇಲ್ಲದೆ ಹೇಳಿ. ಇಡೀ ದಿನದ ಪ್ರಯಾಣ, ಒಳಗೆ ತುಂಬ ನಡೆಯಬೇಕು. ಬಿಪಿ, ಹೃದಯ, ಬೆನ್ನಿನ ತೊಂದರೆ ಇದ್ದವರಿಗೆ ದೊಡ್ಡ ರೈಡುಗಳು ಸಲ್ಲ. ನೀರಿಗೆ ಸೀರೆಯಲ್ಲಿ ಬಿಡುವುದಿಲ್ಲ, ನೈಲಾನ್ ಥರದ ಬಟ್ಟೆಯೇ ಬೇಕು. ಹತ್ತಿ ಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಅದರ ನೂಲು ನೀರು ಸೋಸುವ ಯಂತ್ರದಲ್ಲಿ ಸಿಕ್ಕಿಕೊಳ್ಳುತ್ತದೆ. ಇದನ್ನು ಅಲ್ಲಿ ಹೋಗಿ ಎಲ್ಲರೆದುರು ಹೇಳಿಸಿಕೊಂಡರೆ ಹಿರಿಯರಿಗೆ ಮುಜುಗರ ಆಗುತ್ತದೆ. ಕೋಲಾರದಲ್ಲೇ ಸಡಿಲವಾದ ನೈಲಾನ್ ಪ್ಯಾಂಟು, ಟೀ ಶರ್ಟು ತೆಗೆದಿಟ್ಟುಕೊಂಡು, ‘ಹಾಕ್ಕೊಳ್ತೀರಾ, ಇಲ್ಲ ದಡದಲ್ಲಿ ಕೂರ್ತೀರಾ’ ಅಂತ ಅವರನ್ನೇ ಕೇಳಿ. ಹಾಕಿಕೊಂಡರೆ ಮೊಮ್ಮಕ್ಕಳ ಖುಷಿಗೆ ಮಿತಿ ಇರುವುದಿಲ್ಲ.

ಇನ್ನು ಮಗಳು. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ‘ರಾತ್ರಿ ಹೊತ್ತು ಮಂಕಾಗಿರುತ್ತಾಳೆ’ ಅನ್ನುವ ಮಾತು. ನಮ್ಮಲ್ಲಿ ಏಳನೇ ಕ್ಲಾಸು ಮುಗಿಸಿದ ಎಷ್ಟೋ ಮಕ್ಕಳು ಎಂಟಕ್ಕೆ ಬೇರೆ ಶಾಲೆ ಸೇರುತ್ತಾರೆ. ಜತೆಯವರು ಚದುರಿ ಹೋಗಿರುತ್ತಾರೆ. ಆ ವಯಸ್ಸಿನ ಹುಡುಗಿಯ ತಲೆಯಲ್ಲಿ ಓಡುವ ಪ್ರಶ್ನೆಗಳು ನಮಗೆ ಸಣ್ಣವು ಅನ್ನಿಸಬಹುದು. ಯಾರ ಪಕ್ಕ ಕೂರೋದು? ಶೌಚಾಲಯ ಎಲ್ಲಿದೆ, ಬಾಗಿಲಿಗೆ ಚಿಲಕ ಇದೆಯಾ? ಶಾಲೆಯಲ್ಲೇ ಮುಟ್ಟಾದರೆ ಯಾರಿಗೆ ಹೇಳೋದು? ಬಸ್ ತಪ್ಪಿದರೆ? ಪಾರ್ಕಿನ ಒಂದು ದಿನ ಇವನ್ನು ಮರೆಸಬಹುದು, ಆದರೆ ಉತ್ತರ ಕೊಡುವುದಿಲ್ಲ. ಆ ಉತ್ತರಗಳನ್ನು 28ಕ್ಕೆ ಮುಂಚೆಯೇ ಕೊಟ್ಟುಬಿಡಿ. ದಾಖಲಾತಿ ಕೆಲಸಕ್ಕೆ ಶಾಲೆಗೆ ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗಿ. ತರಗತಿ, ನೀರಿನ ನಲ್ಲಿ, ಶೌಚಾಲಯ ಎಲ್ಲ ತೋರಿಸಿ. ಒಬ್ಬ ಮೇಡಂ ಸಿಕ್ಕರೆ ಪರಿಚಯ ಮಾಡಿಸಿ. ಅದೇ ಶಾಲೆಗೆ ಸೇರುವ ಒಬ್ಬ ಹುಡುಗಿಯ ಮನೆ ಗೊತ್ತಿದ್ದರೆ ಒಂದು ಸಂಜೆ ಹೋಗಿ ಬನ್ನಿ. ಮೊದಲ ದಿನ ಗೇಟಿನಲ್ಲಿ ಒಂದು ಪರಿಚಯದ ಮುಖ ಇದ್ದರೆ ಅರ್ಧ ಭಾರ ಇಳಿಯುತ್ತದೆ.

28ರಂದು ಮಾಡಬಹುದಾದ್ದು ಬೇರೆ ಇದೆ. ಪಾರ್ಕಿನಲ್ಲಿ ರೈಡಿಗಿಂತ ಕ್ಯೂನಲ್ಲೇ ಜಾಸ್ತಿ ಹೊತ್ತು ಹೋಗುತ್ತದೆ. ಎಲ್ಲರೂ ಅದನ್ನು ವ್ಯರ್ಥ ಅಂದುಕೊಂಡು ಮೊಬೈಲ್ ತೆಗೆಯುತ್ತಾರೆ. ದೊಡ್ಡ ರೋಲರ್ ಕೋಸ್ಟರಿನ ಕ್ಯೂಗೆ ಮಗಳ ಜತೆ ಅಪ್ಪ ಮಾತ್ರ ಹೋಗಲಿ. ನೀವು, ಮಗ, ಅತ್ತೆ ಬೇರೆ ಕಡೆ ಇರಿ. ಈ ವಯಸ್ಸಿನ ಮಕ್ಕಳು ಎದುರು ಕೂರಿಸಿ ‘ಏನಾಗಿದೆ ಹೇಳು’ ಅಂದರೆ ಬಾಯಿ ಬಿಡುವುದಿಲ್ಲ. ಪಕ್ಕದಲ್ಲಿ ನಿಂತು, ಇಬ್ಬರೂ ಮುಂದೆ ನೋಡುತ್ತಾ, ಮಾಡಲು ಬೇರೇನೂ ಇಲ್ಲದಾಗ ತಾವೇ ಶುರು ಮಾಡುತ್ತಾರೆ. ಅಪ್ಪ ಏನೂ ಕೇಳಬೇಕಿಲ್ಲ. ತಾವು ಎಂಟನೇ ಕ್ಲಾಸಿಗೆ ಸೇರಿದ ದಿನದ ಬಗ್ಗೆ ಎರಡು ಮಾತು ಹೇಳಲಿ, ಸಾಕು. ಅವಳು ಹೇಳಿದ್ದಕ್ಕೆ ಬುದ್ಧಿವಾದ ಬೇಡ, ‘ಹೂಂ’ ಅಂತ ಕೇಳಿಸಿಕೊಳ್ಳಲಿ. ಕ್ಯೂ ತಪ್ಪಿಸುವ ದುಬಾರಿ ಟಿಕೆಟ್ಟೂ ಇದೆ. ನಿಮ್ಮ ಮನೆಯವರು ಅದನ್ನು ತೆಗೆದುಕೊಳ್ಳದಿದ್ದರೆ ನನಗೆ ಸಂತೋಷ.

ನಿಮ್ಮ ಅಕ್ಕನ ಮಾತಿನಲ್ಲೂ ನಿಜ ಇದೆ. ಆದರೆ ನಾನು ಕಂಡ ಮಟ್ಟಿಗೆ ಮಕ್ಕಳು ಮೊದಲ ದಿನ ಶಾಲೆಗೆ ಹೋಗಲ್ಲ ಅಂತ ಹಟ ಹಿಡಿಯುವುದು ಹಿಂದಿನ ದಿನ ಆಡಿದ್ದಕ್ಕಲ್ಲ. ನಿದ್ದೆ ಆಗಿರುವುದಿಲ್ಲ, ಇಲ್ಲವೇ ರಜೆಯ ಹೋಂವರ್ಕ್ ಮುಗಿದಿರುವುದಿಲ್ಲ. ಹೋಂವರ್ಕನ್ನು 26ಕ್ಕೆ ಮುಗಿಸಿ. 27ರ ಸಂಜೆ ಚೀಲ ತುಂಬಿ, ಯೂನಿಫಾರಂ ಇಸ್ತ್ರಿ ಮಾಡಿ ತೂಗುಹಾಕಿ. ಹಳೆ ಶೂ ಹಾಕಿಸಿ ನೋಡಿ, ಎರಡು ತಿಂಗಳಲ್ಲಿ ಕಾಲು ಬೆಳೆದಿರುತ್ತದೆ.

ನಿದ್ದೆಯ ಕೆಲಸ ಸ್ವಲ್ಪ ಉದ್ದ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ರಜೆಯಲ್ಲಿ ಹನ್ನೊಂದಕ್ಕೆ ಮಲಗಿ ಎಂಟಕ್ಕೆ ಏಳುವ ದೇಹವನ್ನು ಒಂದೇ ರಾತ್ರಿಯಲ್ಲಿ ತಿರುಗಿಸಲು ಆಗುವುದಿಲ್ಲ. ಮೇ 20ರಿಂದಲೇ ದಿನಕ್ಕೆ ಕಾಲು ಗಂಟೆಯಂತೆ ಏಳುವ ಹೊತ್ತನ್ನು ಹಿಂದಕ್ಕೆ ತನ್ನಿ. ಎದ್ದ ಕೂಡಲೇ ಅಂಗಳದ ಬೆಳಕಿಗೆ ಕಳಿಸಿ. ಹೀಗೆ ನೋಡಿದರೆ 28ರ ಪಾರ್ಕ್ ನಿಮಗೆ ಸಹಾಯವನ್ನೇ ಮಾಡುತ್ತದೆ. ಐದು ಗಂಟೆಗೆ ಎದ್ದು, ಬಿಸಿಲಲ್ಲಿ ನಡೆದು, ನೀರಲ್ಲಿ ಆಡಿದ ಮಗು ರಾತ್ರಿ 9ಕ್ಕೆ ತಾನೇ ಮಲಗುತ್ತದೆ. ಕೆಡಿಸುವುದು ಒಂದೇ, ಸಂಜೆ ಏಳರಿಂದ ಎಂಟರವರೆಗೆ ಕಾರಿನಲ್ಲಿ ಬರುವ ನಿದ್ದೆ. ಮನೆಗೆ ಬಂದು ಎಚ್ಚರವಾದರೆ ಹನ್ನೆರಡರ ತನಕ ಕಣ್ಣು ಮುಚ್ಚುವುದಿಲ್ಲ. ಮೆಟ್ರೋದಲ್ಲಿ ನಾಲ್ಕೂವರೆಗೆ ನಿದ್ದೆ ಬಂದರೆ ಬರಲಿ, ತೊಂದರೆ ಇಲ್ಲ. ಕೆ.ಆರ್. ಪುರದಲ್ಲಿ ಎಬ್ಬಿಸಿ. ಹೊಸಕೋಟೆ ದಾಟಿದ ಮೇಲೆ ಒಂದು ಕಡೆ ಕೂತು ರಾತ್ರಿ ಊಟ ಮುಗಿಸಿ. ಅಲ್ಲಿಂದ ಮುಂದೆ ಅಜ್ಜಿ ಕಥೆ ಹೇಳಲಿ, ಅಂತ್ಯಾಕ್ಷರಿ ಆಡಿ. ಏನಾದರೂ ಮಾಡಿ ಎಚ್ಚರ ಇಟ್ಟುಕೊಳ್ಳಿ. ಮನೆಗೆ ಬಂದು ಬಿಸಿನೀರು ಸ್ನಾನ, ಹಾಸಿಗೆ. ಒದ್ದೆ ಬಟ್ಟೆ, ಫೋಟೋ, ಸ್ಟೇಟಸ್ಸು ಎಲ್ಲ ನಾಳೆಗೆ.

‘ಸುಸ್ತಾಗಿದ್ದಾರೆ, 29 ಒಂದು ದಿನ ಬಿಟ್ಟುಬಿಡೋಣ’ ಅಂತ ಮಾತ್ರ ಮಾಡಬೇಡಿ. ಮಗ ಹೇಗೋ ಸರಿಹೋಗುತ್ತಾನೆ. ಮಗಳಿಗೆ ಅದು ದೊಡ್ಡ ನಷ್ಟ. ಮೊದಲ ದಿನ ಶಾಲೆಗಳಲ್ಲಿ ತಳಿರು ತೋರಣ ಕಟ್ಟಿ, ಬಿಸಿಯೂಟಕ್ಕೆ ಸಿಹಿ ಮಾಡಿ ಮಕ್ಕಳನ್ನು ಬರಮಾಡಿಕೊಳ್ಳುತ್ತಾರೆ. ಅವತ್ತು ಎಲ್ಲರೂ ಹೊಸಬರೇ, ಎಲ್ಲರಿಗೂ ಅಂಜಿಕೆ. ಎರಡನೇ ದಿನ ಹೋದರೆ ಬೆಂಚುಗಳು, ಜತೆಗಾರರು ತೀರ್ಮಾನವಾಗಿರುತ್ತಾರೆ, ಇವಳೊಬ್ಬಳೇ ಹೊಸಬಳಾಗುತ್ತಾಳೆ.

ಕೊನೆಯದಾಗಿ, ಮಂಡಿಯ ಕೆಲಸ ನಮ್ಮ ಕೈಯಲ್ಲಿರುವುದಿಲ್ಲ. 27ರ ರಾತ್ರಿ ಲೋಡ್ ಬಂತು, ನಾಳೆ ಆಗಲ್ಲ ಅನ್ನುವ ಪರಿಸ್ಥಿತಿ ಬರಬಹುದು. ಆಗ ಅಂತರಗಂಗೆಗೋ ಕೋಟಿಲಿಂಗೇಶ್ವರಕ್ಕೋ ಕರೆದುಕೊಂಡು ಹೋಗಿ ‘ಇದೂ ಅದೇ ಥರ’ ಅನ್ನಬೇಡಿ, ಅದು ಅದೇ ಥರ ಅಲ್ಲ ಅಂತ ಮಕ್ಕಳಿಗೆ ಗೊತ್ತು. ‘ಮುಂದೆ ಯಾವತ್ತಾದ್ರೂ ಹೋಗೋಣ’ ಅಂತಲೂ ಹೇಳಬೇಡಿ. ದಸರಾ ರಜೆಯಲ್ಲಿ ಒಂದು ದಿನ ಗೊತ್ತು ಮಾಡಿ, ಅಷ್ಟು ಹೊತ್ತಿಗೆ ಸೀಸನ್ ಮುಗಿದಿರುತ್ತದೆ. ಆ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಅಪ್ಪನೇ ಬರೆಯಲಿ. ಆ ಸಲ ದಸರಾ ರಜೆಯ ಮೊದಲ ವಾರದಲ್ಲೇ ಹೋಗಿ.